ಕಾರಿನ ಬಾಗಿಲ ನಂಬರು

ಕೊಯಮತ್ತೂರು
೧೨-೮-೧೯೮೬

ಅಣ್ಣನಿಗೆ ಭಾಮಾಳ ನಮಸ್ಕಾರ.

ನೀನು ಕುವೈತಿನಿಂದ ತಂದು ನಮಗೆ ಬಿಟ್ಟುಹೋದ ಕಾರಿನ ಬಾಗಿಲ ನಂಬರನ್ನು ಬದಲಾಯಿಸುವುದು ಹೇಗೆ? ಗುಂಡಿ ಒತ್ತಿದರೆ ಬಾಗಿಲು ತೆರೆಯುವುದನ್ನು ನೋಡಲು ತಿರುಪ್ಪೂರಿನಲ್ಲಿ ಈಗಲೂ ಜನ ಸೇರುತ್ತಾರೆ. ಆ ಐದು ಅಂಕಿ ಒಳಗೆಲ್ಲಿ ನೆನಪಿರುತ್ತವೋ, ನನಗೂ ಇನ್ನೂ ಬೆರಗು.

ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಹಾಕುವುದು ಅಪ್ಪನ ಶೋಕಿ. ಆದರೆ ನಂಬರು ನೆನಪಿರುವುದಿಲ್ಲ. ಪ್ರತಿ ಶನಿವಾರ ನಾವು ತಿರುಪ್ಪೂರಿಗೆ ಹೋದಾಗ ಅಪ್ಪನ ಬನಿಯನ್ ಕಂಪನಿಯ ಮುಂದೆ ಅಮ್ಮ ಅದನ್ನು ಕನ್ನಡದಲ್ಲಿ ಕೂಗಿ ಹೇಳುತ್ತಾಳೆ. "ಇಲ್ಲಿ ಯಾರಿಗೆ ಕನ್ನಡ ತಿಳಿಯುತ್ತೆ?" ಎಂಬ ಧೈರ್ಯ ಅವಳಿಗೆ.

ಮೊನ್ನೆ ಶನಿವಾರ ಅಮ್ಮ ಬಂದಿರಲಿಲ್ಲ. ಅಪ್ಪ ಏನೇನೋ ಒತ್ತಿ ಬೆವರುತ್ತಿದ್ದರು. ನಂಬರು ನನಗೆ ಗೊತ್ತಿತ್ತು; ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಪಕ್ಕದಲ್ಲೇ ಹೂ ಮಾರುವ ಕನ್ನಿಯಮ್ಮಾಳ್ ಎದ್ದು ಬಂದು ಐದೂ ಅಂಕಿಯನ್ನು ತಪ್ಪದೆ ಹೇಳಿದಳು. ಬಾಗಿಲು ತೆರೆಯಿತು. ಅವಳು ವೆಳ್ಳಕೋಯಿಲ್ ಕಡೆಯವಳು, ಮನೆಮಾತು ಕನ್ನಡವಂತೆ! ಮೂರು ತಿಂಗಳಿಂದ ಅಪ್ಪ ಅಮ್ಮ ಅವಳೆದುರೇ ನಿಂತು ಸೇಲಂ ಹುಡುಗನಿಗೆ ನನ್ನನ್ನು ಕೊಡುವ ಮಾತನ್ನೆಲ್ಲ ಆಡಿದ್ದಾರೆ.

ಅಪ್ಪ ಒಳಗೆ ಕುಳಿತ ಮೇಲೆ ಅವಳು ನನ್ನ ಕೈಗೆ ಒಂದು ಮೊಳ ಮಲ್ಲಿಗೆ ಕೊಟ್ಟು, "ಎಲ್ಲಾರೂ ಆ ಮಾಪ್ಳೆ, ಆ ಸೇಲಂ ಹುಡುಗನ ಸಂಗತೀನೇ ಮಾತಾಡ್ತಾರೆ. ನಿನ್ನ ಒಬ್ರೂ ಕೇಳ್ಲಿಲ್ವಾ ಕಣ್ಣು?" ಎಂದಳು.

ನಂಬರು ಬದಲಾಯಿಸುವ ಬಗೆಯನ್ನು ಅಪ್ಪನಿಗೇ ಬರೆ. ಕನ್ನಿಯಮ್ಮಾಳ್ ಕೇಳಿದ್ದನ್ನೂ ಬರೆ, ನೀನೇ ಕೇಳಿದ ಹಾಗೆ. ನನ್ನ ಉತ್ತರ ಮೂರು ತಿಂಗಳಿಂದ ಸಿದ್ಧವಾಗಿದೆ.

ನಿನ್ನ ತಂಗಿ,
ಭಾಮಾ