ನೂರ ಹದಿನೆಂಟು ಪೌಂಡ್ ಹೆಚ್ಚು

ವೆಂಡೆಲ್,

ನಮ್ಮ ಟ್ರೇಲರ್ ಮನೆಯನ್ನು ಇಲ್ಲೇ ಕಳಚಿಟ್ಟು, ಬರೀ ಟ್ರಕ್ ತೂಗಿಸಲು ಡೆಮಿಂಗ್ ಊರಿನ ವೇಬ್ರಿಡ್ಜಿಗೆ ಹೊರಟಿದ್ದೇನೆ. ಬೀನ್ಸ್ ಮಾಡಿಟ್ಟಿದ್ದೇನೆ, ಬಿಸಿ ಮಾಡಿಕೋ.

"ಇಪ್ಪತ್ತು ಸಾವಿರ ಪೌಂಡ್ ಎಳೆಯುತ್ತೆ ಕಣೇ!" ಅಂತ ಕುಣಿದಾಡಿ ಈ ಟ್ರಕ್ ಕೊಂಡವನು ನೀನು. ಎಳೆಯುವುದು ಬೇರೆ, ಬೆನ್ನ ಮೇಲೆ ಹೊರುವುದು ಬೇರೆ. ಹೊರುವ ಮಿತಿ ಡ್ರೈವರ್ ಬಾಗಿಲಿನ ಹಳದಿ ಚೀಟಿಯಲ್ಲಿದೆ. ಒಂದು ದಿನವಾದರೂ ಓದಿದ್ದೀಯಾ?

ಟ್ರೇಲರಿನ ಮುಂಭಾಗದ ಭಾರ ಟ್ರಕ್ಕಿನ ಬೆನ್ನಿಗೇ ಬೀಳುತ್ತದೆ. ಅಲ್ಲಿರುವುದು ಅತ್ತೆ ಮಲಗುತ್ತಿದ್ದ ಕೋಣೆ. ಮಾರ್ಚಿನಲ್ಲಿ ಅವರನ್ನು ಮಣ್ಣು ಮಾಡಿ ಬಂದಮೇಲೆ ಅದನ್ನು ಖಾಲಿ ಮಾಡಿದೆವು. ಉಳಿದದ್ದನ್ನೆಲ್ಲ, ನಿನ್ನ ಬೂಟನ್ನೂ ಬಿಡದೆ, ತೂಗಿ ಬರೆದಿದ್ದೇನೆ. ಆದರೂ ನಿನ್ನೆ ಎರಡು ಸಲ ತೂಗಿಸಿದಾಗಲೂ ನನ್ನ ಪಟ್ಟಿಗಿಂತ ನೂರ ಹದಿನೆಂಟು ಪೌಂಡ್ ಹೆಚ್ಚು ಬಂತು. ಎಲ್ಲವೂ ಟ್ರಕ್ಕಿನ ಬೆನ್ನ ಮೇಲೆ.

"ಮುಂದಿನ ಕೋಣೇಲಿ ಯಾರಾದ್ರೂ ಮಲಗಿದಾರೇನಮ್ಮಾ?" ಅಂತ ವೇಬ್ರಿಡ್ಜಿನವನು ನಕ್ಕ. ನನಗೆ ನಗು ಬರಲಿಲ್ಲ.

ನರ್ಸ್ ಅತ್ತೆಯನ್ನು ಕೊನೆಯ ಸಲ ತೂಗಿ ಬರೆದ ಕಾಗದ ಇನ್ನೂ ಫ್ರಿಜ್ಜಿನ ಬಾಗಿಲಲ್ಲೇ ಇದೆ. ಹೋಗಿ ಅಂಕಿ ನೋಡು.

ಬರೀ ಟ್ರಕ್ಕೇ ಅಷ್ಟು ಹೆಚ್ಚು ತೂಗಿದರೆ ಅವರು ನನ್ನ ಜೊತೆ ಹೊರಟಿದ್ದಾರೆ ಅಂತ ಅರ್ಥ. ಪಟ್ಟಿಯಲ್ಲಿರುವಷ್ಟೇ ತೂಗಿದರೆ ಫೋನ್ ಮಾಡುತ್ತೇನೆ.

ಫೋನ್ ಬಂದರೆ ಹೆದರಿ ಹೊರಗೆ ಓಡಬೇಡ. ಇಳಿದು ಹೋಗು ಅಂತ ಅವರಿಗೆ ಹೇಳಲೂಬೇಡ, ಭಾರ ತಗ್ಗಿಸಲು ಬೇಕಾದರೆ ನನ್ನ ಹೊಲಿಗೆ ಯಂತ್ರ ಇಳಿಸೋಣ. ಇನ್ನೊಂದು ತಟ್ಟೆ ಇಟ್ಟು, ಮೆಣಸಿನಕಾಯಿ ತೆಗೆದು ಬಡಿಸು. ಅವರಿಗೆ ಖಾರ ಆಗುವುದಿಲ್ಲ.

ಲೊರೀನ್