ತೊಂಬತ್ತು ದಿನ ವಾಸಿಯಾಗದ ಗಾಯ

ಮಾರ್ಚ್ 4, ಬೆಳಿಗ್ಗೆ 6.40

ಹನ್ನೊಂದನೇ ದಿನ. ಎರಡು ಕ್ಯಾಪ್ಸೂಲ್, ಒಂದು ಲೋಟ ಬಿಸಿನೀರು. ಬದಲಾವಣೆ — ಏನೂ ಇಲ್ಲ. ಅಲ್ಲ, ಒಂದಿದೆ. ತೇಗಿದರೆ ಹುಲ್ಲಿನ ವಾಸನೆ ಬರುತ್ತದೆ. ಐವತ್ತು ವರ್ಷ ಮನುಷ್ಯನಾಗಿದ್ದು ಈಗ ಮೇಯುವ ಜಾತಿಗೆ ಸೇರಿದ ಹಾಗೆ.

ಹೀಗೆ ಫೋನಿಗೆ ಬಾಯಿ ಕೊಟ್ಟು ಕೂರಬೇಕು ಅನ್ನೋದು ಭಾವಮೈದನ ಆರ್ಡರ್. ಹೆಂಡತಿಯ ತಮ್ಮ. ಹೋದ ವರ್ಷ ವಾಟರ್ ಫಿಲ್ಟರ್ ಮಾರುತ್ತಿದ್ದ, ಈ ವರ್ಷ ಯೌವನ. "ಭಾವ, ಜೀವಕೋಶಗಳು ಹೊಸದಾಗ್ತಾವೆ. ಪೂರ್ತಿ ನ್ಯಾಚುರಲ್. ಎಲೆ, ಪಾಚಿ, ಬೀಜ, ಅಷ್ಟೇ. ನೀವು ದಿನಾ ಒಂದು ವಾಯ್ಸ್ ನೋಟ್ ಮಾಡಿ, ತೊಂಬತ್ತು ದಿನ. ನಿಮ್ಮ ಅನುಭವ ನಮ್ಮ ಕಸ್ಟಮರ್‌ಗಳಿಗೆ ದಾರಿದೀಪ."

ದಾರಿದೀಪ ಅಂತೆ. ಮೆಟ್ಟಿಲು ಹತ್ತಿದರೆ ಮಂಡಿ ಕಟಕಟ ಅನ್ನುತ್ತದೆ. ಹುಬ್ಬಿನಲ್ಲಿ ಬಿಳಿ ಕೂದಲು, ಅದೂ ತಂತಿಯ ಹಾಗೆ ನೆಟ್ಟಗೆ ನಿಂತಿದೆ. ಇದುವರೆಗೆ ಒಂದು ನೋಟನ್ನೂ ಅವನಿಗೆ ಕಳಿಸಿಲ್ಲ. ಆದರೂ ಮಾತಾಡುತ್ತೇನೆ. ಮನೆಯಲ್ಲಿ ಯಾರೂ ಇಷ್ಟು ಹೊತ್ತು ಕೇಳುವುದಿಲ್ಲವಲ್ಲ.

ಮಾರ್ಚ್ 9, ಮಧ್ಯಾಹ್ನ 1.15

ಸ್ಟುಡಿಯೋದಲ್ಲಿ ಇದ್ದೇನೆ. ಊಟದ ಹೊತ್ತು, ಶಟರ್ ಅರ್ಧ ಇಳಿಸಿದ್ದೇನೆ. ಇವತ್ತು ಮಾಡಿದ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಹತ್ತು ಗಂಟೆಗೆ ಭಾವಮೈದ ಬಂದ. "ಭಾವ, ಕರಪತ್ರಕ್ಕೆ ಫೋಟೋ ಬೇಕು. ನಿಮ್ಮದೇ. ಮೊದಲು ಮತ್ತು ಆಮೇಲೆ."

"ಆಮೇಲೆ ಅನ್ನೋದು ಇನ್ನೂ ಎರಡೂವರೆ ತಿಂಗಳು ಇದೆಯಲ್ಲಯ್ಯ."

"ಫಲಿತಾಂಶ ಬರೋದು ಗ್ಯಾರಂಟಿ ಆದ್ಮೇಲೆ ಕಾಯೋದ್ಯಾಕೆ? ಪ್ರಿಂಟಿಂಗ್‌ನೋರು ನಾಳೆ ಕೊನೆ ದಿನ ಅಂದಿದ್ದಾರೆ."

ಬೈದು ಕಳಿಸಬೇಕಿತ್ತು. ಆದರೆ ಇಪ್ಪತ್ತೆಂಟು ವರ್ಷದಿಂದ ಪಾಸ್‌ಪೋರ್ಟ್ ಸೈಜಿನ ಪೆಚ್ಚು ಮುಖಗಳನ್ನು ತೆಗೆದು ತೆಗೆದು ಸಾಕಾಗಿದೆ. ಕೈ ತುರಿಸಿತು. ಮೊದಲು 'ಆಮೇಲೆ' ತೆಗೆದೆ, ಬೆಳಗಿನ ಮುಖ ಇನ್ನೂ ತಾಜಾ ಇತ್ತು. ಎದುರಿಗೆ ದೊಡ್ಡ ಬಿಳಿ ಕೊಡೆಯ ಲೈಟು, ಗಲ್ಲದ ಕೆಳಗೆ ಥರ್ಮೋಕೋಲ್ ಹಾಳೆ, ಮುಖ ಸ್ವಲ್ಪ ಮೇಲೆ, ನೀಲಿ ಶರ್ಟು. ಆಮೇಲೆ 'ಮೊದಲು'. ತಲೆ ಮೇಲೆ ಒಂದೇ ಬಲ್ಬು, ಕಂದು ಶರ್ಟು, ಕೂದಲು ಕೆದರಿ, ಗಲ್ಲ ಕೆಳಗೆ. ಕಣ್ಣಿನ ಗುಳಿಯಲ್ಲಿ ಕತ್ತಲೆ, ಮೂಗಿನ ಕೆಳಗೆ ಮೀಸೆಯ ಹಾಗೆ ನೆರಳು. ಹದಿನೈದು ನಿಮಿಷದಲ್ಲಿ ಹದಿನೈದು ವರ್ಷ ವಯಸ್ಸಾಯಿತು ನನಗೆ.

ಬೆಳಿಗ್ಗೆ ಶೇವಿಂಗ್ ಮಾಡುವಾಗ ಗಲ್ಲ ಕೊಯ್ದುಕೊಂಡಿದ್ದೆ. ಲೈಟಿನ ಬಿಸಿಗೆ ಉರಿ ಬೇರೆ.

ಭಾವಮೈದ ಎರಡೂ ನೋಡಿ ಗದ್ಗದಿತನಾದ. "ನೋಡಿದ್ರಾ ಭಾವ, ಎಂಥಾ ಪ್ರಾಡಕ್ಟು."

ಅವನು ನಿಜವಾಗಿ ನಂಬಿದ. ಕಣ್ಣೆದುರಿಗೆ ಲೈಟು ಸರಿಸಿದ್ದೇನೆ, ಕೊಡೆ ಹಿಡಿದುಕೊಂಡು ನಿಂತವನು ಅವನೇ.

ಮಾರ್ಚ್ 10, ಬೆಳಿಗ್ಗೆ

ಕ್ಯಾಪ್ಸೂಲ್ ನುಂಗಿದೆ. ಹುಲ್ಲು.

ಮಾರ್ಚ್ 22, ಸಂಜೆ 6

ಕರಪತ್ರ ಬಂತು. ಔಷಧಿ ಅಂಗಡಿಯ ಕೌಂಟರಿನ ಮೇಲೆ ನಾನು. ಕ್ಷೌರದಂಗಡಿಯ ಕನ್ನಡಿಗೆ ಸಿಕ್ಕಿಸಿ ನಾನು. ಬೇಕರಿಯ ಗಾಜಿನಲ್ಲಿ, ಬನ್ನುಗಳ ನಡುವೆ, ಎರಡೆರಡು ನಾನು.

ಕ್ಷೌರದವನು ಕತ್ತರಿ ನಿಲ್ಲಿಸಿ ಮುಖ ನೋಡಿದ. "ಸಾರ್, ಈಗ ನೀವು ಮೊದಲೋ ಆಮೇಲೋ?"

ಮನೆಗೆ ಬಂದರೆ ಹೆಂಡತಿ. "ಇಷ್ಟು ಚೆನ್ನಾಗಿ ಕಾಣೋಕೆ ಬರುತ್ತೆ ಅಂದ್ರೆ ದಿನಾ ಯಾಕ್ರೀ ಹಾಗೆ ಕಾಣಲ್ಲ?"

ಅಮ್ಮ ಕರಪತ್ರವನ್ನು ಕಿಟಕಿಯ ಹತ್ತಿರ ಒಯ್ದಳು. ಹಳೇ ಭೂತಗನ್ನಡಿ ತೆಗೆದಳು. ಅಪ್ಪನ ಕಾಲದಲ್ಲಿ ಸ್ಟುಡಿಯೋದ ರೀಟಚಿಂಗ್ ಎಲ್ಲ ಅಮ್ಮನದೇ. ಗಾಜಿನ ಡೆಸ್ಕಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂಥ ಪೆನ್ಸಿಲ್ ಹಿಡಿದು, ಊರಿನವರ ಸುಕ್ಕುಗಳನ್ನೆಲ್ಲ ಮೂವತ್ತು ವರ್ಷ ಅಳಿಸಿದ ಕೈ ಅದು. ಈಗ ಎಪ್ಪತ್ತೆಂಟು. ಬಹಳ ಹೊತ್ತು ನೋಡಿದಳು. ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಳು.

ನನಗೆ ಒಂಥರಾ ಹೆಮ್ಮೆ ಆಯಿತು. ನಾಚಿಕೆಗೇಡು.

ಮಾರ್ಚ್ 27, ಬೆಳಿಗ್ಗೆ 7

ಅಮ್ಮ ತನಗೂ ಆ ಕ್ಯಾಪ್ಸೂಲ್ ಬೇಕು ಅಂದಳು. ಒಂದು ಡಬ್ಬಿ ಕೊಟ್ಟೆ. ಎಲೆ, ಪಾಚಿ, ಏನಾಗುತ್ತೆ. ಅಮ್ಮನ ಬಿ.ಪಿ. ನೋಡುವ ಡಾಕ್ಟರಮ್ಮನ್ನ ಕೇಳಬೇಕು ಅಂದುಕೊಂಡೆ... ಪಾಸ್‌ಪೋರ್ಟ್ ಗಿರಾಕಿ ಬಂದ, ಮರೆತೆ.

ಏಪ್ರಿಲ್ 17, ಮಧ್ಯಾಹ್ನ 12.30

ಕ್ಲಿನಿಕ್ಕಿನ ಹೊರಗೆ ನಿಂತಿದ್ದೇನೆ. ಮೂರು ವಾರ ಏನೂ ರೆಕಾರ್ಡ್ ಮಾಡಿರಲಿಲ್ಲ. ಈಗ ಯಾರಿಗಾದರೂ ಹೇಳದಿದ್ದರೆ ಆಗುವುದಿಲ್ಲ.

ಬೆಳಿಗ್ಗೆ ಅಮ್ಮನಿಗೆ ಚಪ್ಪಲಿ ಹಿಡಿಸಲಿಲ್ಲ. ಪಾದ ಊದಿದೆ. ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ. ಬಿ.ಪಿ.ಗೆ ದಿನಾ ಎರಡು ಮಾತ್ರೆ, ಒಂದು ಹಳದಿ, ಒಂದು ಬಿಳಿ. ಡಬ್ಬಿ ತೆಗೆದು ನೋಡಿದೆ. ಹಳದಿ ಮಾತ್ರೆ ಲೆಕ್ಕಕ್ಕೆ ಸರಿಯಾಗಿ ಖರ್ಚಾಗಿದೆ. ಬಿಳೀ ಮಾತ್ರೆ ಪಟ್ಟಿಗೆ ಪಟ್ಟಿಯೇ ಹಾಗೇ ಇದೆ.

ಬಿ.ಪಿ. ನೂರಾ ತೊಂಬತ್ತು. ಡಾಕ್ಟರಮ್ಮ ಅಮ್ಮನ ಮೇಲೆ ಕೂಗಲಿಲ್ಲ, ನನ್ನ ಮೇಲೆ ಕೂಗಿದರು. ಆಸ್ಪತ್ರೆಗೆ ಸೇರಿಸಿ ಅಂದರು. ಅಮ್ಮ ಒಪ್ಪಲಿಲ್ಲ. "ಹಾಗಾದ್ರೆ ಇವತ್ತಿಂದಲೇ ಬಿಳೀ ಮಾತ್ರೆ ಶುರು ಮಾಡಿ. ಸೋಮವಾರ ಬೆಳಿಗ್ಗೆ ನೋಡ್ತೀನಿ. ಇಳಿದಿಲ್ಲ ಅಂದ್ರೆ ಅಡ್ಮಿಟ್ಟೇ. ಅಷ್ಟರಲ್ಲಿ ಉಸಿರು ಕಟ್ಟಿದ್ರೆ ಫೋನ್ ಮಾಡ್ತಾ ಕೂರಬೇಡಿ, ನೇರ ಆಸ್ಪತ್ರೆಗೆ. ಅದಿರ್ಲಿ, ಯಾಕೆ ನಿಲ್ಸಿದ್ರಿ ಅಮ್ಮಾ?"

ಅಮ್ಮ ಕೈಚೀಲದಿಂದ ಕರಪತ್ರ ತೆಗೆದು ಮೇಜಿನ ಮೇಲಿಟ್ಟಳು. "ನನ್ನ ಮಗನೇ ಇದಾನಲ್ಲ, ನೋಡಿ. ಇದೊಂದು ತಗೊಂಡ್ರೆ ಸಾಕಂತೆ."

ಡಾಕ್ಟರಮ್ಮ ಕರಪತ್ರ ನೋಡಿದರು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಏಪ್ರಿಲ್ 18, ಸಂಜೆ 5.20

ಅಮ್ಮ ಬಿಳೀ ಮಾತ್ರೆ ನುಂಗಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಬಾಯಿ ಬಿಗಿ ಹಿಡಿದು ಗೋಡೆ ಕಡೆ ತಿರುಗುತ್ತಾಳೆ. ಹೆಂಡತಿ ಬೇಡಿಕೊಂಡಳು, "ಅತ್ತೆ, ನನ್ನ ಮುಖ ನೋಡಿ ಒಂದು ತಗೊಳ್ಳಿ."

"ನಿನ್ನ ಮುಖ ಯಾವಾಗ್ಲೂ ಚೆನ್ನಾಗೇ ಇದೆ ಕಣಮ್ಮ. ಮಾತ್ರೆ ಬೇಡ."

ಭಾವಮೈದನಿಗೆ ಫೋನ್ ಮಾಡಿದೆ. ಕರಪತ್ರ ವಾಪಸ್ ತಗೋ ಅಂದೆ.

"ಭಾವ, ಅವರು ಮಾತ್ರೆ ಬಿಟ್ರೆ ನಮ್ಮ ತಪ್ಪಾ? ಡಬ್ಬಿ ಮೇಲೆ ಬರೆದಿದೆಯಲ್ಲ, ಇದು ಔಷಧಿ ಅಲ್ಲ ಅಂತ."

"ಯಾವ ಅಕ್ಷರದಲ್ಲಿ? ಇರುವೆ ಬರೆದ ಹಾಗಿದೆ."

"ಅಮ್ಮನಿಗೆ ಭೂತಗನ್ನಡಿ ಇದೆಯಲ್ಲ."

ಫೋನ್ ಇಟ್ಟೆ. ಇಲ್ಲದಿದ್ದರೆ ಎಸೆಯುತ್ತಿದ್ದೆ. ಆಮೇಲೆ ಹೆಂಡತಿಯ ಸರದಿ. "ನನ್ನ ತಮ್ಮ ದಡ್ಡ, ಒಪ್ತೀನಿ. ಕ್ಯಾಮೆರಾ ಹಿಡಿದೋರು ಯಾರು?" ಅಂದಳು. ಸರಿಯಾಗೇ ಅಂದಳು, ಅದಕ್ಕೇ ಸಿಟ್ಟು ಬಂತು.

ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಕರಪತ್ರ ನಂಬಿದ್ದರೆ ಎರಡೂ ಮಾತ್ರೆ ಬಿಡಬೇಕಿತ್ತು. ಹಳದಿಯದು ನುಂಗುತ್ತಾಳೆ. ಬಿಳಿಯದಕ್ಕೆ ಮಾತ್ರ ಯಾಕೆ ಹಟ? ಗೊತ್ತಾಗುತ್ತಿಲ್ಲ. ಇರಲಿ. ನಾಳೆ ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತೇನೆ. ಲೈಟು ಸರಿಸಿ ತೋರಿಸುತ್ತೇನೆ, ಎಲ್ಲ ನನ್ನ ಮೋಸ ಅಂತ. ಬೇಕಾದರೆ ಕೆನ್ನೆಗೆ ಬಾರಿಸಲಿ.

ಏಪ್ರಿಲ್ 19, ಬೆಳಿಗ್ಗೆ 11.40

ಎಲ್ಲಿಂದ ಶುರು ಮಾಡಲಿ.

ಭಾನುವಾರ, ಗಿರಾಕಿ ಇಲ್ಲ. ಅಮ್ಮನನ್ನು ಆಟೋದಲ್ಲಿ ಕರೆತಂದು ಸ್ಟೂಲಿನ ಮೇಲೆ ಕೂರಿಸಿದೆ. ತಲೆ ಮೇಲಿನ ಬಲ್ಬು ಹಾಕಿ ಒಂದು ತೆಗೆದೆ. ಕೊಡೆ ಲೈಟು ಹಾಕಿ ಇನ್ನೊಂದು. ಎರಡನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು, ತಪ್ಪಿತಸ್ಥನ ಹಾಗೆ ಕೈಕಟ್ಟಿ ನಿಂತು, ರಾತ್ರಿಯೆಲ್ಲ ಉರು ಹೊಡೆದ ಮಾತು ಒಪ್ಪಿಸಿದೆ. "ಅಮ್ಮಾ, ನೋಡು, ಕ್ಯಾಪ್ಸೂಲ್ ಏನೂ ಮಾಡಿಲ್ಲ. ಬರೀ ಲೈಟು. ನಾನು ಸುಳ್ಳು ಹೇಳ್ದೆ. ನನ್ನ ನಂಬಿ ನೀನು..."

"ಮೂಗಿನ ಕೆಳಗೆ ನೆರಳು ಬಿದ್ದಿದೆ ಅಂತ ಮೊದಲ ದಿನವೇ ನೋಡ್ದೆ ಕಣೋ."

"ಏನು?"

"ಗಲ್ಲದ ಮೇಲಿನ ಗಾಯವನ್ನೂ ನೋಡ್ದೆ. ಎರಡೂ ಫೋಟೋದಲ್ಲಿ ಒಂದೇ ಜಾಗ, ಒಂದೇ ರಕ್ತ. ಮಧ್ಯೆ ತೊಂಬತ್ತು ದಿನ ಅಂತ ಅಚ್ಚು ಹಾಕ್ಸಿದ್ದೀಯ. ಜೀವಕೋಶ ಎಲ್ಲ ಹೊಸದಾಯ್ತು, ಶೇವಿಂಗ್ ಗಾಯ ಮಾತ್ರ ವಾಸಿಯಾಗ್ಲಿಲ್ಲ. ನಿಮ್ಮಪ್ಪ ನೋಡಿದ್ರೆ ಕೆಲಸದಿಂದ ತೆಗೀತಿದ್ರು ನಿನ್ನ."

ಕರಪತ್ರ ತೆಗೆದು ನೋಡಿದೆ. ಇದೆ. ಕೆಂಪಗೆ, ಎರಡರಲ್ಲೂ. ಊರೆಲ್ಲ ನೋಡಿದೆ, ನಾನೂ ನೋಡಿದ್ದೇನೆ, ಯಾರಿಗೂ ಕಂಡಿಲ್ಲ.

"ಹಾಗಿದ್ರೆ ಕ್ಯಾಪ್ಸೂಲ್ ಯಾಕೆ ತಗೊಂಡೆ?"

"ಯಾರು ತಗೊಂಡಿದ್ದು? ಕುಂಡಕ್ಕೆ ಹಾಕ್ದೆ. ಗಿಡಕ್ಕೂ ಏನೂ ಆಗ್ಲಿಲ್ಲ."

ತಲೆ ಕೆಟ್ಟುಹೋಯಿತು. ಕೂಗಿಬಿಟ್ಟೆ. ಮತ್ತೆ ಯಾಕಮ್ಮ ಈ ನಾಟಕ, ನೂರಾ ತೊಂಬತ್ತು ಬಿ.ಪಿ. ಇಟ್ಕೊಂಡು ಯಾರ ಮೇಲೆ ಸೇಡು ಅಂತ ಕೇಳಿದೆ. ಅಮ್ಮ ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಳು. ಆಮೇಲೆ ಗೋಡೆಗೆ ಹೇಳುವ ಹಾಗೆ ಹೇಳಿದಳು.

ಬೆಳಿಗ್ಗೆ ಏಳರಿಂದ ಒಂಬತ್ತು ಪಾರ್ಕಿನ ಬೆಂಚು. ನಾಲ್ಕು ಜನ ಗೆಳತಿಯರು. ದಿನದಲ್ಲಿ ಅವಳಿಗೆ ಇರುವುದು ಅದೊಂದೇ. ಬಿಳಿಯದು ಮೈಯ ನೀರು ಇಳಿಸುವ ಮಾತ್ರೆ, ಆರು ಗಂಟೆಗೆ ನುಂಗಿದರೆ ಎಂಟರಷ್ಟೊತ್ತಿಗೆ ಮೂರು ಸಲ ಮೂತ್ರಕ್ಕೆ ಹೋಗಬೇಕು. ಪಾರ್ಕಿನಲ್ಲಿ ಶೌಚಾಲಯಕ್ಕೆ ಬೀಗ. ಮಾರ್ಚ್‌ನಲ್ಲಿ ಒಂದು ದಿನ ತಡೆಯಲಾಗಲಿಲ್ಲ. ಬೆಂಚಿನ ಮೇಲೇ. ಗೆಳತಿಯೊಬ್ಬಳು ಶಾಲು ಸುತ್ತಿ ಮನೆವರೆಗೆ ಬಿಟ್ಟಳು, ಯಾರಿಗೂ ಹೇಳಲ್ಲ ಅಂದಳು.

"ಮಾರನೇ ದಿನ ಎಲ್ಲರೂ ನಂಗೆ ಬೆಂಚಿನ ತುದಿ ಬಿಟ್ಕೊಟ್ರು. ಎದ್ದು ಹೋಗೋಕೆ ಸುಲಭ ಆಗ್ಲಿ ಅಂತ. ಅದಕ್ಕಿಂತ ಬೈದಿದ್ರೆ ಚೆನ್ನಾಗಿತ್ತು."

"ನಂಗೆ ಹೇಳ್ಬಾರ್ದಿತ್ತಾ?"

"ಮಗನ ಹತ್ರ ಏನಂತ ಹೇಳೋದೋ? ನೀನು ಕರಪತ್ರ ತಂದೆ, ಒಳ್ಳೇ ನೆಪ ಸಿಕ್ತು. ಸುಳ್ಳೇ ಆಗ್ಲಿ, ಮರ್ಯಾದಸ್ಥ ಸುಳ್ಳು."

ಏಪ್ರಿಲ್ 19, ಮಧ್ಯಾಹ್ನ 2

ಡಾಕ್ಟರಮ್ಮನ ಮನೆಗೇ ಫೋನ್ ಮಾಡಿದೆ. ಹೇಳಲು ನನಗೇ ನಾಲಿಗೆ ತಡವರಿಸಿತು, ಅಮ್ಮನ ಮಾತು ಬಿಡಿ. ಅವರು ಪೂರ್ತಿ ಕೇಳಿಸಿಕೊಂಡರು. "ಇಷ್ಟೇನಾ? ಪಾರ್ಕಿಂದ ಬಂದ ಮೇಲೆ ತಗೊಳ್ಳಿ, ಹನ್ನೊಂದಕ್ಕೆ. ಇವತ್ತಿಂದು ಈಗಲೇ ಕೊಡಿ. ಉಳಿದದ್ದು ನಾಳೆ ನೋಡೋಣ. ಇದನ್ನ ಮೊದಲೇ ಕೇಳಬೇಕಿತ್ತು... ನಾನೂ ಕೇಳ್ಲಿಲ್ಲ."

ಹನ್ನೊಂದಕ್ಕೆ. ಅಷ್ಟೇ. ಐದು ಗಂಟೆ ಮುಂದಕ್ಕೆ ಹಾಕಿದರೆ ಮುಗಿಯಿತು. ಇದಕ್ಕೆ ಆರು ವಾರ, ಒಂದು ಕರಪತ್ರ, ಊರು ತುಂಬ ನನ್ನ ಮುಖ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು.

ಅಮ್ಮ ನುಂಗಿದಳು. ನಾನೇ ನೀರು ಕೊಟ್ಟೆ.

ಏಪ್ರಿಲ್ 20, ಬೆಳಿಗ್ಗೆ 10.30

ನೂರಾ ಎಪ್ಪತ್ತು. ಇಳಿದಿದೆ. ಆಸ್ಪತ್ರೆ ಬೇಡ, ದಿನ ಬಿಟ್ಟು ದಿನ ಬಂದು ತೋರಿಸಿ ಅಂದರು. ಊತ ಇನ್ನೂ ಇದೆ.

ಏಪ್ರಿಲ್ 24, ಸಂಜೆ

ನೂರಾ ಐವತ್ತು. ಚಪ್ಪಲಿ ಹಿಡಿಸುತ್ತಿದೆ.

ಭಾವಮೈದ ಬಂದಿದ್ದ. ಅಮ್ಮ ಕೂರಿಸಿ, ಭೂತಗನ್ನಡಿ ಕೈಗೆ ಕೊಟ್ಟು, ಎರಡು ಗಲ್ಲ ತೋರಿಸಿದಳು. "ನೋಡಪ್ಪ. ಮುಂದಿನ ಸಲ ಫೋಟೋ ತೆಗ್ಸೋ ದಿನ ಶೇವಿಂಗ್ ಮಾಡ್ಬೇಡಿ ಅಂತ ನಿಮ್ಮ ಕಂಪನಿಯೋರಿಗೆ ಹೇಳು."

ಅವನು ನೋಡಿದ, ನೋಡಿದ, ಕಿವಿ ಕೆಂಪಾಯಿತು. "ಭಾವ, ಇದು ಮೊದಲೇ ಯಾಕೆ ಹೇಳ್ಲಿಲ್ಲ?"

ನಾನು ಹೇಳಬೇಕಿತ್ತಂತೆ.

ಸಾಯಂಕಾಲ ಇಬ್ಬರೂ ಅಂಗಡಿ ಅಂಗಡಿ ತಿರುಗಿ ಕರಪತ್ರ ವಾಪಸ್ ತಂದೆವು. ಕ್ಷೌರದವನು ಮಾತ್ರ ಒಂದನ್ನು ಬಿಟ್ಟುಕೊಡಲಿಲ್ಲ. 'ಮೊದಲು' ಫೋಟೋ ಬೇಕಂತೆ. ಅದನ್ನು ತೋರಿಸಿದರೆ ಮಕ್ಕಳು ಹೆದರಿ ಅಲುಗಾಡದೆ ಕೂರುತ್ತವಂತೆ.

ಮೇ 3, ಬೆಳಿಗ್ಗೆ 10.20

ನೂರಾ ನಲವತ್ತು. ಪಾರ್ಕಿಗೆ ಹೋಗಿ ಬಂದಳು. ಬೆಂಚಿನ ಮಧ್ಯದಲ್ಲಿ ಕೂತೆ ಅಂದಳು, ಎರಡು ಸಲ ಹೇಳಿದಳು.

ನಾನು ಕ್ಯಾಪ್ಸೂಲ್ ಬಿಟ್ಟು ಎರಡು ವಾರ. ಮಂಡಿ ಅದೇ ಕಟಕಟ. ಐವತ್ತು ಅಂದರೆ ಐವತ್ತೇ. ಅಮ್ಮನ ಪೆನ್ಸಿಲ್ಲಿನಲ್ಲಿ ಊರಿನ ಎಷ್ಟು ಮುಖ ಮಾಗದೇ ಉಳಿದಿರಬೇಕು... ಅವಳದೇ ಒಂದು ಒಳ್ಳೇ ಫೋಟೋ ನಮ್ಮ ಹತ್ತಿರ ಇಲ್ಲ. ಇವತ್ತು ತಾನಾಗಿಯೇ ಸ್ಟುಡಿಯೋಗೆ ಬಂದಿದ್ದಾಳೆ. ತಲೆ ಮೇಲಿನ ಬಲ್ಬೇ ಬೇಕಂತೆ. ಕೊಡೆ ಬೇಡವಂತೆ. "ನೆರಳು ಬೀಳ್ಲಿ ಬಿಡು. ಆ ಮೂಗು ನನ್ನದೇ ತಾನೆ." ಒಳಗಿನಿಂದ ಸ್ಟೂಲು ಎಳೆದ ಸದ್ದು.

ಒಂದು ಮಾತು ಇನ್ನೂ ಯೋಚಿಸುತ್ತಿದ್ದೇನೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವಳನ್ನು ಬಿ.ಪಿ. ಎಷ್ಟು ಅಂತ ಕೇಳಿದ್ದೇನೆ, ಊಟ ಆಯ್ತಾ ಅಂತ ಕೇಳಿದ್ದೇನೆ, ಆದರೆ...

"ಲೋ, ಆ ಫೋನಿಗೆ ಎಷ್ಟು ಹೊತ್ತು ಭಾಷಣ ಮಾಡ್ತೀಯ? ಹನ್ನೊಂದಕ್ಕೆ ಮಾತ್ರೆ ಇದೆ. ನುಂಗಿದ ಮೇಲೆ ನಾನು ಒಂದು ಕಡೆ ಕೂರೋಳಲ್ಲ, ಗೊತ್ತಲ್ಲ."

ಗೊತ್ತು. ಬಂದೆ ಅಮ್ಮಾ, ಇನ್ನೊಂದೇ ನಿಮಿ—