ಗಿಂತಾರಸ್ ಎಂದೇ ಕೇಳಿ

ಆಮಿನಕ್ಕನ ಮನೆ, ಮಿರ್ದಿಫ್, ದುಬೈ
೧೨ ಮಾರ್ಚ್ ೨೦೧೪

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಂ. ಫೋನಿನಲ್ಲಿ ನೀವು ನನ್ನ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶುಕ್ರವಾರದ ನಿಕಾಹ್‌ನ ಆಮಂತ್ರಣದಲ್ಲಿ ವರನ ಹೆಸರನ್ನು ಅಬ್ದುಲ್ಲ ಎಂದು ಅಚ್ಚು ಹಾಕಿಸಿದ್ದೀರಿ. ಅವರ ಹೆಸರು ಗಿಂತಾರಸ್.

ಇಸ್ಲಾಮಿಗೆ ಬಂದವರು ಹೆಸರು ಬದಲಿಸಲೇಬೇಕೆಂಬುದು ನಮ್ಮವರ ರೂಢಿ, ಧರ್ಮದ ಕಟ್ಟಳೆಯಲ್ಲ. ಅರ್ಥ ಕೆಟ್ಟದಾಗಿದ್ದರೆ ಮಾತ್ರ ಬದಲಿಸಬೇಕು. ಈ ಬಗ್ಗೆ ಮೂರು ಕಿರುಪುಸ್ತಕ ಓದಿದ್ದೇನೆ; ಗುರುತು ಹಾಕಿ ಇದರ ಜೊತೆಗೇ ಕಳಿಸಿದ್ದೇನೆ.

ಲಿಥುವೇನಿಯದ ಭಾಷೆಯಲ್ಲಿ ಗಿಂತಾರಸ್ ಎಂದರೆ, ನೀವು ದೇರಾದ ಅಂಗಡಿಯಲ್ಲಿ ಕಹ್ರಮಾನ್ ಎಂದು ಮಾರುವ ತಸ್ಬೀಹ್ ಜಪಮಣಿಯ ಹಳದಿ ಕಲ್ಲು. ಬಹಳ ಹಿಂದಿನ ಮರಗಳ ಅಂಟು ಗಟ್ಟಿಯಾಗಿ ಆದದ್ದು. ಬಿರುಗಾಳಿಯ ಮರುದಿನ ಅವರ ಊರಿನ ಕಡಲತೀರದಲ್ಲಿ ಜನ ಅದನ್ನು ಆರಿಸುತ್ತಾರಂತೆ. ಅವರ ಅಜ್ಜಿಯೂ ಆರಿಸುತ್ತಿದ್ದರು, ಮೊಮ್ಮಗನಿಗೆ ಅದೇ ಹೆಸರಿಟ್ಟರು. ಇದರಲ್ಲಿ ಕೆಟ್ಟದ್ದೇನಿದೆ?

“ಜಮಾತಿನವರು ನಗಾಡ್ತಾರೆ ಮಗಳೇ, ಆ ಹೆಸರು ಯಾರ ಬಾಯಿಗೆ ಬರ್ತದೆ?” ಎಂದಿರಿ. ನಾಲ್ಕು ವರ್ಷದಿಂದ ನೀವು ಗಿಂತಾರಸ್ ಅವರಿಂದಲೇ ಮಣಿ ಕೊಳ್ಳುತ್ತಿದ್ದೀರಿ. ನಿಮ್ಮ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ.

ಶುಕ್ರವಾರ ಅವರ ಕೈ ಹಿಡಿದು ನನ್ನನ್ನು ಒಪ್ಪಿಸುವವರು ನೀವು. ಅದಕ್ಕೆ ಮೊದಲು ಒಳಗೆ ಬಂದು ನನ್ನ ಒಪ್ಪಿಗೆ ಕೇಳುತ್ತೀರಿ. ಗಿಂತಾರಸ್ ಎಂದು ಕೇಳಿದರೆ ಹೂಂ ಎನ್ನುತ್ತೇನೆ. ಅಬ್ದುಲ್ಲ ಎಂದು ಕೇಳಿದರೆ, ಅಂಥವರನ್ನು ನಾನು ನೋಡಿಯೇ ಇಲ್ಲ ಅಬ್ಬಾ. ಹೆಂಗಸರೆಲ್ಲರ ಎದುರಿಗೆ ಹಾಗೆಯೇ ಹೇಳುತ್ತೇನೆ.

ನಿಮ್ಮ ಬಿಳಿ ಜುಬ್ಬ ಇಲ್ಲಿ ಇಸ್ತ್ರಿ ಮಾಡಿಟ್ಟಿದ್ದೇನೆ. ಜುಮಾ ನಮಾಝ್ ಮುಗಿದ ಕೂಡಲೇ ಬನ್ನಿ, ನಾನು ಕಾಯುತ್ತಿರುತ್ತೇನೆ.

ನಿಮ್ಮ ಮಗಳು,
ಫರ್ಝಾನ